ಮಿಲ್ಲಿನಕ್ಕ ಕಲಸಿದ ಮೀನಿನ ತಿಂಡಿ

ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನಕ್ಕನ ಹಣೆಯ ಮೇಲೆ ವಿಭೂತಿ ಯಾವುದು, ಮೆಕ್ಕೆಜೋಳದ ಹಿಟ್ಟು ಯಾವುದು ಎಂದು ಹೇಳಲು ಆಗುತ್ತಿರಲಿಲ್ಲ. ಹುಬ್ಬು, ರೆಪ್ಪೆ, ಕಿವಿಯೋಲೆಯ ಸಂದು, ಎಲ್ಲ ಕಡೆ ಪುಡಿ ಕೂತು ಮುಖ ಬೆಳ್ಳಗಾಗಿರುತ್ತಿತ್ತು. ಸಂಜೆ ಮುಖ ತೊಳೆದು ಬಂದರೆ ಬೇರೆ ಯಾರೋ ಹೆಂಗಸು ಬಂದು ನಿಂತಂತೆ ಕಾಣುತ್ತಿತ್ತು. ಮೊದಲ ಸಲ ನೋಡಿದವರು ಅವರನ್ನು ಮುದುಕಿ ಎಂದುಕೊಳ್ಳುತ್ತಿದ್ದರು. ಐವತ್ತು ಕೂಡ ಆಗಿರಲಿಲ್ಲ ಅವರಿಗೆ. ಎತ್ತರದ ಆಳು. ನಡೆದರೆ ಕೈ ಬೀಸಿ ನಡೆಯುವವರು, ಕೂತರೆ ಕೂತಲ್ಲೇ ಏನಾದರೊಂದನ್ನು ಆರಿಸುತ್ತಲೋ ಜರಡಿ ಹಿಡಿಯುತ್ತಲೋ ಇರುವವರು.

ಹೊಸದುರ್ಗದಿಂದ ಶ್ರೀರಾಂಪುರಕ್ಕೆ ಹೋಗುವ ದಾರಿಯಲ್ಲಿ, ಊರು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ ಅವರ ಎಣ್ಣೆ ಮಿಲ್ಲು ಇತ್ತು. ಅವರ ಮಾವ ಕಟ್ಟಿಸಿದ್ದು. ಶೇಂಗಾ ಸುಗ್ಗಿಯಲ್ಲಿ ಗಾಡಿಗಳು ರಸ್ತೆಯವರೆಗೂ ಸಾಲು ನಿಲ್ಲುತ್ತಿದ್ದ ಕಾಲವೊಂದಿತ್ತಂತೆ. ಆಮೇಲೆ ಅಂಗಡಿ ಅಂಗಡಿಗೂ ಪ್ಯಾಕೆಟ್ ಎಣ್ಣೆ ಬಂತು, ಗಾಡಿಗಳು ನಿಂತವು. ಅವರ ಗಂಡ ಒಂದು ಬೆಳಿಗ್ಗೆ ಮಿಲ್ಲಿನ ಬಾಗಿಲು ತೆಗೆಯುತ್ತಿದ್ದ ಹಾಗೆಯೇ ಎದೆ ಹಿಡಿದುಕೊಂಡು ಕುಸಿದರು, ಮತ್ತೆ ಏಳಲಿಲ್ಲ. ಒಬ್ಬಳೇ ಮಗಳನ್ನು ಹೊಳಲ್ಕೆರೆಗೆ ಕೊಟ್ಟಿದ್ದಾಗಿತ್ತು. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಇವರು. ಮನೆಗಾಗುವಷ್ಟು ಎಣ್ಣೆ ಬೇಕೆಂದು ಯಾರಾದರೂ ಶೇಂಗಾನೋ ಕೊಬ್ಬರಿಯೋ ತಂದರೆ ಮಿಲ್ಲು ಓಡಿಸುತ್ತಿದ್ದರು, ಇಲ್ಲದಿದ್ದರೆ ಬೀಗ. ಊರಿಗೆಲ್ಲ ಅವರು ಮಿಲ್ಲಿನಕ್ಕ. ನನಗೂ ಅಷ್ಟೆ.

ನಾನು ಅವರನ್ನು ಮೊದಲು ಕಂಡದ್ದು ಕೊರೋನಾ ಲಾಕ್‌ಡೌನಿನಲ್ಲಿ. ನಮ್ಮದು ಶ್ರೀರಾಂಪುರದ ಕಡೆಯ ಊರು, ಕುರಿ ಸಾಕುವ ಮಂದಿ. ನಮ್ಮೂರಿನ ಹೆಂಗಸರ ಸಂಘದಿಂದ ನಾವು ಪಂಚಾಯ್ತಿಯ ಕೆರೆಯನ್ನು ಗುತ್ತಿಗೆ ಹಿಡಿದು ಮೀನು ಮರಿ ಬಿಟ್ಟಿದ್ದೆವು. ಕುರಿಯೋರು ಮೀನು ಮೇಯಿಸಾಕೆ ಹೊಂಟವ್ರೆ ಎಂದು ಊರಲ್ಲಿ ನಗುತ್ತಿದ್ದರು. ಮೀನಿನ ತಿಂಡಿ ಆಂಧ್ರದ ಕಡೆಯಿಂದ ಲಾರಿಯಲ್ಲಿ ಬರುತ್ತಿತ್ತು. ಆ ವರ್ಷ ಲಾರಿ ನಿಂತುಹೋಯಿತು. ಕೆರೆಯ ದಂಡೆಗೆ ಹೋಗಿ ನಿಂತರೆ ಮರಿಗಳು ನಮ್ಮ ನೆರಳು ನೋಡಿಯೇ ಗುಂಪುಗಟ್ಟಿ ಬರುತ್ತಿದ್ದವು. ಹಾಕಲು ಏನೂ ಇರಲಿಲ್ಲ. ಕೊನೆಗೆ ನನ್ನ ಗಂಡನ ಮೊಪೆಡ್ಡಿನಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ಒಳದಾರಿ ಹಿಡಿದು, ಹೊಸದುರ್ಗಕ್ಕೆ ಹೋದೆವು.

ಮಿಲ್ಲಿನ ಅರೆ ತೆರೆದ ಬಾಗಿಲಲ್ಲಿ ಅವರು ಮೊರದಲ್ಲಿ ಶೇಂಗಾ ಕೇರುತ್ತ ಕೂತಿದ್ದರು.

"ಶೇಂಗಾ ಹಿಂಡಿ ಐತೇನ್ರಿ ಅಕ್ಕಾರೆ?" ಎಂದೆ.

"ಐತೆ. ಎಷ್ಟು ಎಮ್ಮೆ ಅವೆ ನಿಮ್ಮನೇಲಿ?"

"ಎಮ್ಮೆಗಲ್ರಿ, ಮೀನಿಗೆ."

ಅವರ ಕೈಯಲ್ಲಿದ್ದ ಮೊರ ನಿಂತಿತು. ಅವರ ಮನೆಯಲ್ಲಿ ಮೀನು, ಮಾಂಸ, ಮೊಟ್ಟೆ ಯಾವುದೂ ಹೊಸ್ತಿಲು ದಾಟಿದ್ದಿಲ್ಲ. ಕೊಡುವುದಿಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ.

"ಮೀನು ಹಿಂಡಿ ತಿಂತಾವಾ?"

"ತಿಂತಾವೆ ಅಕ್ಕ. ಹಿಂಡಿ, ತೌಡು, ಜೋಳದ ನುಚ್ಚು ಎಲ್ಲಾ ತಿಂತಾವೆ. ಆಂಧ್ರದಿಂದ ಬರೋ ತಿಂಡೀಲಿ ಸಮುದ್ರದ ಮೀನು ಒಣಗ್ಸಿ ಪುಡಿ ಮಾಡಿ ಹಾಕಿರ್ತಾರೆ."

"ಮೀನಿಗೆ ಮೀನೇ ತಿನ್ನಿಸ್ತಾರಾ?" ಎಂದು ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಹಿಂಡಿಯ ಚೀಲ ಎಳೆದು ತಂದರು. ಚೀಲದ ಬಾಯಿ ಬಿಚ್ಚಿ ಒಂದು ಹೆಂಟೆ ಮುರಿದು ಮೂಗಿನ ಹತ್ತಿರ ಹಿಡಿದರು. ಅದನ್ನು ಬದಿಗಿಟ್ಟು ಇನ್ನೊಂದು ಚೀಲ ಬಿಚ್ಚಿದರು. "ಅದು ಬ್ಯಾಡ, ಹಳೇದು. ಇದನ್ನ ಒಯ್ರಿ."

ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ದಿನ ತಾವೇ ಸ್ಕೂಟಿ ಹತ್ತಿ ನಮ್ಮೂರಿಗೆ ಬಂದರು. ತಾವು ಕೊಟ್ಟದ್ದನ್ನು ಮೀನು ತಿನ್ನುವುದನ್ನು ಕಣ್ಣಾರೆ ನೋಡಬೇಕಿತ್ತಂತೆ. ಕೆರೆ ಏರಿಯ ಮೇಲೆ ಸೆರಗು ಮೂಗಿಗೆ ಹಿಡಿದು ದೂರವೇ ನಿಂತರು. ನಾನು ಹಿಂಡಿಯನ್ನೂ ತೌಡನ್ನೂ ಉಂಡೆ ಕಟ್ಟಿ ನೀರಿಗೆ ಎಸೆದೆ. ನೀರು ಕದಡಿತು, ಬಾಯಿಗಳು ಮೇಲೆದ್ದವು. ಅವರು ನಿಧಾನಕ್ಕೆ ಮೆಟ್ಟಿಲಿಳಿದು ನೀರಂಚಿಗೆ ಬಂದು ಕೂತರು.

"ಬಾಯಿ ತೆಕ್ಕೊಂಡು ಬರ್ತಾವಲ್ಲೇ, ಹಾಲಿಗೆ ಬಿಟ್ಟಾಗ ಕರುಗಳು ಬಂದಂಗೆ," ಎಂದರು. ಸ್ವಲ್ಪ ಹೊತ್ತು ನೋಡಿ, "ಆದ್ರೆ ಅರ್ಧಕ್ಕರ್ಧ ನೀರಲ್ಲಿ ಕರಗಿ ಹೋಯ್ತು. ಇದು ಊಟ ಹಾಕಿದಂಗಲ್ಲ, ಚೆಲ್ಲಿದಂಗೆ," ಎಂದರು.

ಅಲ್ಲಿಂದ ಅವರಿಗೆ ಅದೇ ಗೀಳು ಹಿಡಿಯಿತು. ತಿಂಡಿ ಗಟ್ಟಿಯಾಗಬೇಕು, ನೀರಿಗೆ ಬಿದ್ದರೆ ಮೀನು ಬಂದು ತಿನ್ನುವವರೆಗೆ ಒಡೆಯಬಾರದು. ಮನೆಯ ಶ್ಯಾವಿಗೆ ಒರಳನ್ನು ಮಿಲ್ಲಿಗೆ ಹೊತ್ತು ತಂದು, ಹಿಟ್ಟು ಕಲಸಿ, ಬೇಯಿಸಿ, ಒತ್ತಿ, ಕತ್ತರಿಸಿ ಚಾಪೆಯ ಮೇಲೆ ಒಣಗಿಸಿದರು. ಅವರ ಅತ್ತೆ ಮೂರು ದಿನ ಮಾತು ಬಿಟ್ಟರು. ಮಾತು ಶುರುವಾದಾಗ ಮೊದಲು ಕೇಳಿದ್ದು, "ಕೊಲ್ಲಾಕೆ ಅಂತ ಸಾಕಾವಕ್ಕೆ ಅಡಿಗೆ ಮಾಡಾಕತ್ತೀಯಲ್ಲ, ನಿಂಗೆ ಏನನ್ಸಲ್ವಾ?" ಎಂದು. ಆಗ ನಾನು ಅಲ್ಲೇ ಇದ್ದೆ. ಅಕ್ಕ ತಲೆ ಎತ್ತದೆ ಹಿಟ್ಟು ನಾದುತ್ತಲೇ ಇದ್ದರು.

"ಅನ್ನಿಸ್ತೈತೆ ಅತ್ತೆ. ಇರೋವರ್ಗೆ ಹೊಟ್ಟೆ ತುಂಬ ತಿನ್ಲಿ ಅಂತ ಅನ್ನಿಸ್ತೈತೆ."

ಒತ್ತಿದ ಕಾಳುಗಳು ಒಣಗಿದ ಮೇಲೂ ನೀರಲ್ಲಿ ನಿಲ್ಲಲಿಲ್ಲ. ರಾಗಿ ಗಂಜಿ ಹಾಕಿ ನೋಡಿದರು, ಮೈದಾ ಹಾಕಿ ನೋಡಿದರು. ಒಂದು ದಿನ ಬೇಸತ್ತು ಒರಳನ್ನು ಪಕ್ಕಕ್ಕೆ ತಳ್ಳಿದಾಗ ನನಗೆ ನನ್ನ ಅವ್ವನ ನೆನಪಾಯಿತು. ಕಂಬಳಿ ನೇಯುವ ಮುಂಚೆ ಉಣ್ಣೆಯ ನೂಲು ಗಟ್ಟಿಯಾಗಲೆಂದು ಅವ್ವ ಹುಣಸೆ ಬೀಜ ಹುರಿದು ಬೀಸಿ ಗಂಜಿ ಕಾಯಿಸಿ ಹಚ್ಚುತ್ತಿದ್ದಳು. ಕೈಗೆ ಅಂಟಿದರೆ ತೊಳೆದರೂ ಬಿಡದು. ಅದನ್ನು ಹೇಳಿದೆ. ಅಕ್ಕ ಆಗಲೇ ಸ್ಕೂಟಿ ತೆಗೆದು ಹೋಗಿ ಹುಣಸೆಹಣ್ಣಿನ ಮಂಡಿಯಿಂದ ಒಂದು ಚೀಲ ಬೀಜ ತಂದರು. ಆ ಗಂಜಿ ಹಾಕಿ ಮಾಡಿದ ಕಾಳನ್ನು ಲೋಟದ ನೀರಿಗೆ ಹಾಕಿ ಇಬ್ಬರೂ ನೋಡುತ್ತ ಕೂತೆವು. ಚಹ ಮಾಡಿ ಕುಡಿದು ಬಂದರೂ ಕಾಳು ಕಾಳಾಗಿಯೇ ಇತ್ತು. ಅವತ್ತು ಅವರು ನಕ್ಕದ್ದನ್ನು ನಾನು ಮರೆತಿಲ್ಲ. ಸದ್ದಿಲ್ಲದ ನಗು, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲಿನ ವರ್ಷಗಳಲ್ಲಿ ಹಾಗೆ ನಕ್ಕದ್ದನ್ನು ನಾನು ಹೆಚ್ಚು ಸಲ ನೋಡಲಿಲ್ಲ.

ಹಳೆಯ ಯಂತ್ರವೊಂದನ್ನು ಕೊಂಡು ತಂದರು. ಶೇಂಗಾ ಹಿಂಡಿ ಅವರ ಮಿಲ್ಲಿನದೇ. ಮೆಕ್ಕೆಜೋಳ ಹೊಳಲ್ಕೆರೆ ಕಡೆಯಿಂದ ಬರುತ್ತಿತ್ತು, ತೌಡು ಅಕ್ಕಿ ಗಿರಣಿಗಳಿಂದ. ಒಣಮೀನಿನ ಪುಡಿಯ ಬದಲಿಗೆ ರೇಷ್ಮೆ ಹುಳ ಹಾಕುತ್ತಿದ್ದರು. ಗೂಡಿನಿಂದ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಸತ್ತ ಹುಳವನ್ನು ಹಿರಿಯೂರಿನ ಕಡೆ ನೂಲು ಬಿಚ್ಚುವವರು ಗುಡ್ಡೆ ಹಾಕಿ ಬಿಟ್ಟಿರುತ್ತಿದ್ದರು. ಅದನ್ನು ತಂದು ಒಣಗಿಸಿ ಬೀಸಬೇಕು. ಅದರ ನಾತ ಹೇಳತೀರದು. ಮೊದಲ ಚೀಲ ಬಿಚ್ಚಿದ ದಿನ ಅಕ್ಕ ಹೊರಗೆ ಓಡಿ ಹೋಗಿ ವಾಂತಿ ಮಾಡಿಕೊಂಡರು. ಆಮೇಲೆ ಬಟ್ಟೆಯಲ್ಲಿ ಕರ್ಪೂರ ಕಟ್ಟಿ ಮೂಗಿಗೆ ಬಿಗಿದುಕೊಂಡು ಕೆಲಸ ಮಾಡಿದರು. ತಮ್ಮ ತಿಂಡಿಗೆ ಏನೇನು ಸೇರಬೇಕೋ ಅದೆಲ್ಲ ಬಸ್ಸು ಹೋಗಿ ಬರುವ ದೂರದಲ್ಲೇ ಸಿಗಬೇಕು ಎಂಬುದು ಅವರ ಹಟ. "ಸಮುದ್ರ ಎಲ್ಲೈತೋ, ನಾವು ಎಲ್ಲಿದೀವೋ. ಅಲ್ಲಿಯ ಮೀನು ಹಿಡಿದು ಇಲ್ಲಿಯ ಮೀನಿಗೆ ಹಾಕಾದ್ಯಾಕೆ? ನಮ್ಮ ಹೊಲದಾಗೇ ಐತಲ್ಲ ಊಟ," ಎನ್ನುತ್ತಿದ್ದರು.

ನಮ್ಮ ಕೆರೆಯ ಮೀನು ಆ ವರ್ಷ ಚೆನ್ನಾಗಿ ಬಂತು. ಸುದ್ದಿ ಹಬ್ಬಿ ಅಕ್ಕಪಕ್ಕದ ಊರಿನವರು, ಮಾರಿಕಣಿವೆ ಜಲಾಶಯದ ಹಿನ್ನೀರಿನ ಕಡೆಯವರು, ಕೃಷಿಹೊಂಡದಲ್ಲಿ ಮೀನು ಬಿಟ್ಟವರು ಮಿಲ್ಲಿಗೆ ಬರತೊಡಗಿದರು. ಅಕ್ಕ ಎಲ್ಲ ಕೆರೆಗಳಿಗೂ ಹೋಗಿ ನೋಡುತ್ತಿದ್ದರು, ಬಲೆ ಹಾಕುವ ದಿನ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಅವತ್ತು ಸಂಜೆ ಫೋನು ಮಾಡುತ್ತಿದ್ದರು. "ಬೆಳೆದಿದ್ವಾ?" ಎನ್ನುವುದು. "ಬೆಳೆದಿದ್ವು ಅಕ್ಕ" ಎಂದರೆ, "ಆಯ್ತು ಬಿಡು" ಎಂದು ಇಡುವುದು. ಅಷ್ಟೇ ಮಾತು.

ಎರಡನೇ ಅಲೆಯಲ್ಲಿ ಅವರಿಗೆ ಜ್ವರ ಬಂತು. ಮಿಲ್ಲಿಗೆ ಬೀಗ ಹಾಕಿ ಹಿಂದಿನ ಕೋಣೆಯಲ್ಲಿ ಒಬ್ಬರೇ ಮಲಗಿದ್ದರು. ಗುಣವಾಗಿ ಎದ್ದು ಬಂದಾಗ ಸೀರೆ ಮೈಮೇಲೆ ನಿಲ್ಲದಷ್ಟು ಸೊರಗಿದ್ದರು. ನಾಲ್ಕು ಹೆಜ್ಜೆ ನಡೆದರೆ ಕೆಮ್ಮು. ಆದರೂ ಬಂದವರೇ ಕೆಲಸಕ್ಕೆ ಇಳಿದರು. ಈಗ ರೇಷ್ಮೆ ಹುಳದ ಚೀಲ ಬಿಚ್ಚುವಾಗ ಕರ್ಪೂರದ ಬಟ್ಟೆ ಕಟ್ಟಿಕೊಳ್ಳುತ್ತಿರಲಿಲ್ಲ. ನಾವು ಬಾಗಿಲಾಚೆ ನಿಂತೂ ಮೂಗು ಮುಚ್ಚಿಕೊಳ್ಳುತ್ತಿದ್ದಾಗ ಅವರು ಬರಿಗೈಯಲ್ಲಿ ಗುಡ್ಡೆ ಎಳೆಯುತ್ತಿದ್ದರು. ಅಭ್ಯಾಸವಾಯಿತು ಎಂದು ನಾನು ತಿಳಿದೆ. ಕೇಳಿದ್ದಕ್ಕೆ ಅವರೂ ಹಾಗೇ ಎಂದರು. "ಅಭ್ಯಾಸ ಆತು ಬಿಡೇ."

ಅದೇ ವರ್ಷ ಮಗಳ ಸೀಮಂತ. ಹೊಳಲ್ಕೆರೆಯ ಬೀಗರ ಮನೆಗೆ ಹಿಂದಿನ ದಿನವೇ ಹೋದರು. ಮರುದಿನ ಸಂಜೆಯೇ ತಿರುಗಿ ಬಂದರು, ಇನ್ನೆರಡು ದಿನ ಇದ್ದು ಬರುತ್ತೇನೆ ಎಂದು ಹೇಳಿ ಹೋದವರು. ಏನಾಯಿತೆಂದು ಕೆಲವು ದಿನ ಹೇಳಲಿಲ್ಲ. ಒಮ್ಮೆ ಚೀಲ ಹೊಲಿಯುತ್ತ ಕೂತಿದ್ದಾಗ ತಾವಾಗಿ ಹೇಳಿದರು. ಅಡಿಗೆ ಮನೆಗೆ ಹೋಗಿ ಪಾಯಸ ಬಡಿಸಲು ಹೋದರೆ ಬೀಗಿತ್ತಿ ಸೌಟು ಇಸಿದುಕೊಂಡು, ನೀವು ಕುಂತ್ಕಳ್ರಿ, ಬಡಿಸಾಕೆ ಜನ ಅವ್ರೆ ಎಂದರಂತೆ. ಪಂಕ್ತಿಯಲ್ಲಿ ಕೂತರೆ ಅಕ್ಕಪಕ್ಕದ ಎಲೆಗಳು ಖಾಲಿ ಉಳಿದವಂತೆ. ಮಗಳು ದೂರದಿಂದ ನೋಡಿ ತಲೆ ತಗ್ಗಿಸಿದಳಂತೆ.

"ಸೀಗೆಪುಡಿ ಹಾಕಿ ತಲೆಗೆ ನೀರ್ಹಾಕ್ಕೊಂಡು ಹೋಗಿದ್ದೆ ಕಣೇ. ಟ್ರಂಕಿನಾಗಿದ್ದ ಸೀರೆ ಉಟ್ಟಿದ್ದೆ. ಆದ್ರೂ ವಾಸನೆ ಬರ್ತಿತ್ತೋ ಏನೋ. ನಂಗೇನು ಗೊತ್ತಾಗ್ತೈತೆ."

ಆ ಕೊನೆಯ ಮಾತು ನೋವಿಗೆ ಆಡಿದ್ದು ಎಂದುಕೊಂಡೆ. ಅದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಎಂದು ತಿಳಿಯಲು ಮುಂದಿನ ಮಳೆಗಾಲ ಬರಬೇಕಾಯಿತು.

ಆ ಮಳೆಗಾಲ ನಮ್ಮ ಸೀಮೆಯವರಿಗೆಲ್ಲ ನೆನಪಿರುವಂಥದು. ಮಾರಿಕಣಿವೆ ತುಂಬಿ ಕೋಡಿ ಬಿದ್ದು, ಜನ ಗಾಡಿ ಮಾಡಿಕೊಂಡು ನೋಡಲು ಹೋದರು. ನಮ್ಮ ಕೆರೆಯೂ ತುಂಬಿತು. ಮೀನು ಹೊಟ್ಟೆ ತುಂಬ ನೀರು ಕಂಡ ವರ್ಷ ಎಂದು ನಾವು ಹಿಗ್ಗಿದೆವು. ಅದೇ ಮಳೆಗೆ ಮಿಲ್ಲಿನ ಗೋದಾಮಿನ ಹಿಂದಿನ ಗೋಡೆ ನೀರು ಕುಡಿದಿತ್ತು. ಗೋಡೆಗೆ ಒತ್ತಿ ಜೋಡಿಸಿದ್ದ ಹಿಂಡಿಯ ಚೀಲಗಳು ಒಳಗೊಳಗೇ ತೇವ ಹಿಡಿದವು. ಹೊರಗಿನಿಂದ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಮಳೆ ನಿಂತ ಮೇಲೆ ನಮ್ಮ ಮೀನುಗಳ ಆಟ ಕಡಿಮೆಯಾಯಿತು. ತಿಂಡಿ ಹಾಕಿದರೆ ಮೊದಲಿನಂತೆ ಮೇಲೇಳುತ್ತಿರಲಿಲ್ಲ. ಆಮೇಲೆ ಬೆಳಿಗ್ಗೆ ಹೋದರೆ ದಂಡೆಯಲ್ಲಿ ಒಂದೆರಡು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಿನ ಕಳೆದಂತೆ ಹೆಚ್ಚಾದವು. ಮೀನುಗಾರಿಕೆ ಇಲಾಖೆಯವರು ಬಂದು ನೋಡಿ, ನೀರಲ್ಲಿ ತೊಂದರೆ ಕಾಣುವುದಿಲ್ಲ, ತಿಂಡಿ ಒಂದ್ಸಲ ನೋಡಿಕೊಳ್ಳಿ ಎಂದು ಹೇಳಿ ಹೋದರು. ತಿಂಡಿಯನ್ನು ಮೂಸಿದರೆ ರೇಷ್ಮೆ ಹುಳದ ನಾತವೇ ಬರುತ್ತಿತ್ತು, ಅದರ ಕೆಳಗೆ ಇನ್ನೇನಿದ್ದರೂ ತಿಳಿಯುವಂತಿರಲಿಲ್ಲ. ನಾನು ಬಸ್ಸು ಹತ್ತಿ ಮಿಲ್ಲಿಗೆ ಹೋದೆ.

ವಿಷಯ ಕೇಳಿ ಅಕ್ಕ ತಾವೇ ಗೋದಾಮಿನ ಬಾಗಿಲು ತೆಗೆದರು. ಹೊಸ್ತಿಲಲ್ಲೇ ನನಗೆ ಮುಗ್ಗಲು ವಾಸನೆ ರಪ್ಪನೆ ಹೊಡೆಯಿತು.

"ಅಕ್ಕ, ಹಿಂಡಿ ಮುಗ್ಗೈತೆ."

"ಎಲ್ಲಿ? ಮೊನ್ನೇನೂ ನೋಡಿದ್ನಲ್ಲ."

ಗೋಡೆಯ ಕಡೆಯ ಚೀಲ ಬಿಚ್ಚಿ ಕೈ ಹಾಕಿ ಒಂದು ಹೆಂಟೆ ತೆಗೆದರು. ಮೂಗಿಗೆ ಹಿಡಿದು ಉಸಿರೆಳೆದರು. ಮತ್ತೆ ಎಳೆದರು. ಹೆಂಟೆ ಮುರಿದು ನಡುವಿನಿಂದ ತೆಗೆದು ಮತ್ತೆ ಮೂಗಿಗೆ ಒತ್ತಿಕೊಂಡರು. ಮುರಿದ ಜಾಗದಲ್ಲಿ ಹಸಿರು ಬೂದಿಯಂಥ ಬೂಷ್ಟು ಇದ್ದದ್ದು ಬೆಳಕಿಗೆ ತಂದಾಗ ಕಂಡಿತು. ಅವರು ಅದೇ ಚೀಲದ ಮೇಲೆ ಕೂತುಬಿಟ್ಟರು.

"ನಂಗೆ ಏನೂ ಬರಲ್ಲ ಕಣೇ," ಎಂದರು. "ಜ್ವರ ಬಂದಾಗಿಂದ ಏನೂ ಬರಲ್ಲ. ಹೂವಿಂದು ಬರಲ್ಲ, ಒಗ್ಗರಣೇದು ಬರಲ್ಲ. ಇವತ್ತು ಬರ್ತೈತೆ ನಾಳೆ ಬರ್ತೈತೆ ಅಂತ ಯಾರಿಗೂ ಹೇಳ್ಲಿಲ್ಲ."

ಅಷ್ಟು ವರ್ಷ ಹಿಂಡಿಯ ಗುಣವನ್ನು ಮೂಗಿನಿಂದಲೇ ತಿಳಿದು ಬಾಳಿದವರು. ಮೂಗು ಹೋದ ಮೇಲೂ ಹೆಂಟೆ ಮುರಿದು ಮೂಗಿಗೆ ಹಿಡಿಯುತ್ತಲೇ ಇದ್ದರು, ಕಣ್ಣಿಗೆ ಚೆನ್ನಾಗಿ ಕಂಡರೆ ಹಾಕುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂತೆ.

ಮಾರನೆಯ ಬೆಳಿಗ್ಗೆ ಅವರು ಕೆರೆಗೆ ಬಂದರು. ಸಂಘದ ಹೆಂಗಸರೆಲ್ಲ ಸೇರಿದ್ದೆವು. ಆ ದಿನ ತೇಲಿದವು ತುಂಬ ಇದ್ದವು, ಕಾಟ್ಲಾ, ರೋಹು, ಎಲ್ಲವೂ. ನಮ್ಮೊಳಗೆ ಹಿರಿಯವಳು ನನ್ನ ದೊಡ್ಡವ್ವ, ನನ್ನ ಅವ್ವನ ಅಕ್ಕ. ಬಾಯಿ ಜೋರು. ಇಡೀ ವರ್ಷ ಬಿಸಿಲು ಮಳೆ ಎನ್ನದೆ ದಂಡೆ ಕಾದವಳು ಅವಳೇ.

ಅಕ್ಕ ಏರಿಯ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು. "ನೀರಿಂದಲ್ಲ, ಮಳೆಯಿಂದಲ್ಲ. ನಾನು ಕೊಟ್ಟ ತಿಂಡೀಲಿ ಬೂಷ್ಟು ಹಿಡಿದ ಹಿಂಡಿ ಇತ್ತು. ನಂಗೆ ಮೂಗು ಹೋಗೈತೆ, ಅದ್ನ ಮುಚ್ಚಿಟ್ಟಿದ್ದೆ. ಇದು ನನ್ನಿಂದ ಆಗಿದ್ದು."

ದೊಡ್ಡವ್ವ ಮುಂದೆ ಬಂದಳು. "ನೀವು ಮೀನು ತಿನ್ನೋರಲ್ಲ, ಮುಟ್ಟೋರಲ್ಲ. ಮುಟ್ಟದ ಮೇಲೆ ಇದಕ್ಕೆ ಯಾಕೆ ಕೈ ಹಾಕಿದ್ರಿ? ಸತ್ರೆ ನಿಮಗೇನು, ಸೆರಗು ಮುಚ್ಕೊಂಡು ದೂರ ನಿಂತ್ಕಂತೀರಿ."

ಅಕ್ಕ ಮೆಟ್ಟಿಲಿಳಿದರು. ನನ್ನ ಹತ್ತಿರ ಬಂದು, "ಒಂದನ್ನ ಕೊಯ್ದು ತೋರ್ಸು," ಎಂದರು. ಕೊಯ್ದೆ. ಒಳಗೆ ಪಿತ್ತಜನಕ ಕೆಂಪಾಗಿರಬೇಕಾದ್ದು ಹಳದಿ ತಿರುಗಿ, ಮುಟ್ಟಿದರೆ ಒಡೆಯುವಂತಿತ್ತು. ಅವರು ಕೈ ಚಾಚಿದರು. ಜೀವಮಾನದಲ್ಲಿ ಮೀನು ಮುಟ್ಟದ ಕೈ ಅದು. ನಾನು ಹಿಂಜರಿದೆ. ಅವರೇ ನನ್ನ ಅಂಗೈಯಿಂದ ಎತ್ತಿಕೊಂಡರು. ಕೆಳಗಿಡದೆ ಬಹಳ ಹೊತ್ತು ನೋಡಿದರು.

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲವರೆಗೆ ನೀರಿಗಿಳಿದು, ಸತ್ತ ಮೀನುಗಳನ್ನು ಬುಟ್ಟಿಗೆ ತುಂಬತೊಡಗಿದರು. ಬೇಡ ಎಂದರೂ ಕೇಳಲಿಲ್ಲ. ತೋಟದ ಅಂಚಿನಲ್ಲಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚುವವರೆಗೂ ನಮ್ಮೊಂದಿಗೆ ಹೊತ್ತರು. ನಡುನಡುವೆ ಕೆಮ್ಮು ಬಂದು ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ದೊಡ್ಡವ್ವ ಅವರ ಕೈಯಿಂದ ಬುಟ್ಟಿ ಕಿತ್ತುಕೊಂಡು, "ಕುಂತ್ಕಳ್ರಿ ಸಾಕು," ಎಂದಳು. ಮೆದುವಾಗಿ ಹೇಳಲಿಲ್ಲ, ಆದರೆ ಹೇಳಿದಳು.

ಮಿಲ್ಲಿಗೆ ಹಿಂದಿರುಗಿ ಗೋದಾಮಿನ ಹಿಂಡಿಯನ್ನೆಲ್ಲ ಅಂಗಳಕ್ಕೆ ಎಳೆಸಿ ಸುಟ್ಟರು, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಆರಿಸಲೂ ಇಲ್ಲ. ತಮ್ಮ ತಿಂಡಿ ಒಯ್ದ ಇತರ ಕೆರೆಗಳವರಿಗೆಲ್ಲ ತಾವೇ ಫೋನು ಮಾಡಿ, ಹಾಕಬೇಡಿ, ನೆಲದಲ್ಲಿ ಹೂತುಬಿಡಿ ಎಂದರು. ಹೇಳದಿದ್ದರೆ ಎಷ್ಟೋ ಮಂದಿಗೆ ಗೊತ್ತೇ ಆಗುತ್ತಿರಲಿಲ್ಲ. ಹೇಳಿದ್ದರಿಂದ ಒಬ್ಬರೂ ಮತ್ತೆ ಮಿಲ್ಲಿನ ಕಡೆ ಸುಳಿಯಲಿಲ್ಲ. ಆಂಧ್ರದ ಲಾರಿ ಮತ್ತೆ ಬರತೊಡಗಿತು. ಅಕ್ಕನ ಯಂತ್ರದ ಮೇಲೆ ಗೋಣಿತಾಟು ಬಿತ್ತು.

ನಮ್ಮ ಸಂಘದಲ್ಲೂ ಅವರ ತಿಂಡಿ ಬೇಡವೆಂದೇ ಮಾತಾಗಿತ್ತು. ಸಭೆಯಲ್ಲಿ ನಾನು ಅವರ ಪರ ಮಾತಾಡಿದೆ, ಸಾಲಲಿಲ್ಲ. ಕೊನೆಗೆ ದೊಡ್ಡವ್ವನೇ, "ತಪ್ಪು ಆತು ಅಂತ ಬಂದು ನಿಂತು ಹೇಳಿದೋರು ಯಾರವ್ರೆ? ಆ ಲಾರಿಯೋನು ಬಂದು ಹೇಳ್ತಾನಾ?" ಎಂದಳು. ಅವರ ತಿಂಡಿಯನ್ನೇ ಕೊಳ್ಳುವುದೆಂದು ಮಾತಾಯಿತು. ನಾನು ಮಿಲ್ಲಿಗೆ ಹೋಗಿ ಸುದ್ದಿ ಹೇಳಿದಾಗ ಅಕ್ಕ ಸಂತೋಷಪಡಲಿಲ್ಲ. "ಒಂದು ಕರಾರು," ಎಂದರು. "ಹಿಂಡಿ ಬಂದಾಗೆಲ್ಲ ನೀನು ಬರ್ಬೇಕು. ನೀನು ಮೂಸಿ ಆತು ಅಂದ್ರೇನೆ ನಾನು ಯಂತ್ರ ಹಾಕಾದು."

ಅಲ್ಲಿಂದ ಅವರ ಮೂಗಿನ ಕೆಲಸ ನನ್ನದಾಯಿತು. ಚೀಲದ ಬಾಯಿ ಬಿಚ್ಚಿ ಅವರು ಪಕ್ಕಕ್ಕೆ ನಿಲ್ಲುತ್ತಿದ್ದರು. ನಾನು ಬಗ್ಗಿ ಮೂಸುವಾಗ ಅವರು ಚೀಲ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ನಾನು ಆತು ಎನ್ನುವವರೆಗೆ ಅವರ ಮುಖದಲ್ಲಿದ್ದ ಹೆದರಿಕೆಯನ್ನು ನೋಡಲು ಆಗುತ್ತಿರಲಿಲ್ಲ. ಮೊದಲು ಎಷ್ಟು ಮಾತಾಡುತ್ತಿದ್ದರು. ಸಿರಿಗೆರೆಯಲ್ಲಿ ಹೈಸ್ಕೂಲು ಓದುವಾಗ ಕಬಡ್ಡಿ ಆಡಿದ್ದು, ಅಪ್ಪನ ಜೊತೆ ಅಡಿಕೆ ಮಂಡಿಗೆ ಹೋದದ್ದು, ಏನೆಲ್ಲ. ಈಗ ಕೆಲಸದ ಮಾತಷ್ಟೇ. ಕೇಳಿದ್ದಕ್ಕೆ ಒಮ್ಮೆ ಹೇಳಿದರು: "ಉಪ್ಪು ಖಾರ ಗೊತ್ತಾಗ್ತೈತೆ, ರುಚಿ ಗೊತ್ತಾಗಲ್ಲ. ಊಟ ಮಾಡಾದು ಅಂದ್ರೆ ಕೆಲ್ಸ ಮಾಡ್ದಂಗೆ ಆಗೈತೆ."

ಕೆಮ್ಮು ಬಿಡಲೇ ಇಲ್ಲ. ಪುಡಿಯಲ್ಲಿ ಕೂಡದು ಎಂದು ಡಾಕ್ಟರು ಹೇಳಿದ್ದರು. ಬಾಯಿಗೆ ಟವೆಲು ಸುತ್ತಿಕೊಂಡು ಅದೇ ಪುಡಿಯಲ್ಲಿ ಕೂರುತ್ತಿದ್ದರು. ಬಿಡ್ರಿ ಅಕ್ಕ ಎಂದರೆ, ನಿಮ್ಮ ಕೆರೆಗೆ ಒಂದು ಒಳ್ಳೇ ಬೆಳೆ ಬಂದುಬಿಡಲಿ, ಆಮೇಲೆ ನೋಡಾಣ ಎನ್ನುತ್ತಿದ್ದರು. ಆ ಬೆಳೆ ಬಂತು. ಅದರ ಮುಂದಿನದೂ ಬಂತು. ಅವರು ಬಿಡಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಉಸಿರು ಕಟ್ಟಿ ದುರ್ಗದ ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಮಂಚವನ್ನು ಕಿಟಕಿಯ ಹತ್ತಿರ ಹಾಕಿದ್ದರು. ಕಿಟಕಿಯಾಚೆ ಜೋಗಿಮಟ್ಟಿಯ ಗುಡ್ಡ ಕಾಣುತ್ತಿತ್ತು. ಮೂಗಿಗೆ ಆಮ್ಲಜನಕದ ಕೊಳವೆ. ಮಗಳು ಬಂದು ಪಕ್ಕದಲ್ಲಿ ಕೂತಿದ್ದಳು, ಓಡಾಡುವಷ್ಟಾದ ಮಗು ತೊಡೆಯ ಮೇಲೆ. ಮೊಮ್ಮಗುವನ್ನು ಅಕ್ಕ ಸರಿಯಾಗಿ ನೋಡಿದ್ದು ಅದೇ ಮೊದಲಂತೆ. ನನ್ನನ್ನು ಕಂಡು ಮಗಳಿಗೆ ಚಹ ಕುಡಿದು ಬಾ ಎಂದು ಹೇಳಿ ಕಳಿಸಿದರು.

"ಮರಿ ಬಿಡಾದು ಯಾವಾಗ?"

"ಮಳೆ ಬರ್ಲಿ ಅಕ್ಕ. ನೀವೂ ಬಂದ್ಬಿಡ್ರಿ ಅಷ್ಟೊತ್ತಿಗೆ."

ಬಿಸಿಲು ಹೆಚ್ಚಿದ್ದಾಗ ತಿಂಡಿ ಕಡಿಮೆ ಮಾಡು, ಮೋಡ ಮುಚ್ಚಿದ ದಿನ ಹಾಕಲೇಬೇಡ, ಹುಣಸೆ ಬೀಜ ಹುರಿಯುವಾಗ ಸಿಪ್ಪೆ ಕರಿಯಾಗಬಾರದು ಎಂದೆಲ್ಲ ಉಸಿರೆಳೆದು ಬಿಡುವ ನಡುವೆ ಬಿಡಿ ಬಿಡಿಯಾಗಿ ಹೇಳಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಮಗಳು ಬಂದಿರಲಿಲ್ಲ. ಕೇಳಬಾರದ್ದನ್ನು ಕೇಳುವವರ ಹಾಗೆ ದನಿ ಇಳಿಸಿದರು.

"ಒಂದು ಮಾತು ಕೇಳ್ಲೇನೇ? ನಮ್ಮ ಮೀನು ರುಚಿ ಇರ್ತಾವಾ?"

ಇಷ್ಟು ವರ್ಷ ಅದನ್ನು ಕೇಳಬೇಕೆಂದು ಇತ್ತು ಅವರಿಗೆ. ಯಾರನ್ನು ಕೇಳುವುದು, ಹೇಗೆ ಕೇಳುವುದು ಎಂದು ಒಳಗೇ ಇಟ್ಟುಕೊಂಡಿದ್ದರು.

"ಇರ್ತಾವೆ ಅಕ್ಕ," ಎಂದೆ. "ಲಾರಿ ತಿಂಡಿ ತಿಂದವು ಸಾರಿಗೆ ಹಾಕಿದ್ರೆ ಎಣ್ಣೆ ಎಣ್ಣೆ ಅನ್ನಿಸ್ತಾವೆ. ನಿಮ್ಮವು ಹಂಗಲ್ಲ. ಮಾಂಸ ಗಟ್ಟಿ, ಸ್ವಲ್ಪ ಸಿಹಿ ಇರ್ತೈತೆ. ನಮ್ಮೂರಾಗೆ ಮಕ್ಳು ಮೊದ್ಲು ಕೇಳಾದು ಕೆರೆ ಮೀನಾ ಅಂತ."

ಕಣ್ಣು ಮುಚ್ಚಿ ಕೇಳಿದರು. "ಸಿಹಿ ಇರ್ತೈತಾ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಹೊರಡುವಾಗ ಕೈ ಹಿಡಿದುಕೊಂಡರು.

ಮಳೆ ಬರುವ ಮುಂಚೆಯೇ ಹೋಗಿಬಿಟ್ಟರು. ಸಂಘದವರೆಲ್ಲ ಮೊದಲ ಬಸ್ಸಿಗೆ ಹೋದೆವು. ಬೀಗರ ಕಡೆಯವರು, ಅವರ ಕುಲಸ್ಥರು ಒಳಗೆ ಕೂತಿದ್ದರು. ನಾವು ಅಂಗಳದಲ್ಲಿ ತೆಂಗಿನ ಮರದ ಕೆಳಗೆ ಕೂತೆವು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಅವರ ಪದ್ಧತಿಯಂತೆ ಕೂರಿಸಿ ತೋಟದಲ್ಲಿ ಮಣ್ಣು ಮಾಡಿದರು. ಹಿಡಿ ಮಣ್ಣು ಹಾಕುವಾಗ ದೊಡ್ಡವ್ವ ಯಾರನ್ನೂ ಕೇಳದೆ ಮುಂದೆ ಹೋಗಿ ಹಾಕಿದಳು. ಅವಳ ಹಿಂದೆ ನಾವೂ ಹೋದೆವು.

ಎಲ್ಲ ಮುಗಿದು ಹೊರಡಲು ಎದ್ದಾಗ ಅವರ ಅತ್ತೆ ಕೋಲೂರಿಕೊಂಡು ಬಂದು ನನ್ನನ್ನು ಮಿಲ್ಲಿನ ಕಡೆ ಕರೆದರು. ಒಳಗೆ ಗೋಡೆಯಿಂದ ದೂರ, ಹಲಗೆಯ ಮೇಲೆ, ಹೊಲಿದಿಟ್ಟ ಕೆಲವು ತಿಂಡಿ ಚೀಲಗಳು ಇದ್ದವು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮಾಡಿದ್ದಂತೆ.

"ಒಯ್ದುಬಿಡ್ರಮ್ಮ," ಎಂದರು ಅತ್ತೆ. "ಇದ್ದಷ್ಟು ದಿನ ನಾನು ಅವಳನ್ನ ಬೈದೆ. ಇವು ಇಲ್ಲಿ ಇಟ್ಕೊಂಡು ನಾನೇನು ಮಾಡ್ಲಿ."

ಮಿಲ್ಲು ಈಗ ಟೈಲ್ಸ್ ಅಂಗಡಿಯವರ ಗೋದಾಮು. ಯಂತ್ರವನ್ನು ಹೊಳಲ್ಕೆರೆಯ ಅಳಿಯ ಮಾರಿದರು. ನಾವು ನಮ್ಮೂರಿನ ಸಮುದಾಯ ಭವನದ ಹಿಂದಿನ ಶೆಡ್ಡಿನಲ್ಲಿ ಕೈಯಿಂದ ಒತ್ತಿ ಆದಷ್ಟು ತಿಂಡಿ ಮಾಡಿಕೊಳ್ಳುತ್ತೇವೆ. ಅದು ಪೂರ್ತಿ ಸಾಲುವುದಿಲ್ಲ, ಮಿಕ್ಕದ್ದಕ್ಕೆ ಲಾರಿಯನ್ನೇ ಕಾಯುತ್ತೇವೆ. ಯಾವುದು ಎಷ್ಟು ಸೇರಿಸಬೇಕು, ಯಾವ ಹಿಂಡಿ ಕೊಳ್ಳಬೇಕು, ಯಾವುದನ್ನು ತಿರುಗಿಸಿ ಕಳಿಸಬೇಕು, ನನಗೆ ಗೊತ್ತಿರುವುದೆಲ್ಲ ಅವರಿಂದ ಬಂದದ್ದು.

ಅವರನ್ನು ಮಣ್ಣು ಮಾಡಿದ ದಿನ ಲಗೇಜ್ ಆಟೋದಲ್ಲಿ ಚೀಲಗಳನ್ನು ಹೇರಿಕೊಂಡು ಊರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಮೀನು ಕೊಳ್ಳುವವರು ಹಿರಿಯೂರಿನಿಂದ ಗಾಡಿ ತಂದು ಏರಿಯ ಮೇಲೆ ಕಾಯುತ್ತಿದ್ದರು. ಅವತ್ತು ಬಲೆ ಹಾಕುವುದೆಂದು ಮೊದಲೇ ಮಾತಾಗಿತ್ತು, ಸಾವಿನ ಗಡಿಬಿಡಿಯಲ್ಲಿ ಅವರಿಗೆ ತಿಳಿಸುವುದು ಮರೆತುಹೋಗಿತ್ತು. ದೊಡ್ಡವ್ವ ಹೋಗಿ, ಇವತ್ತು ಆಗಲ್ಲ, ಇನ್ನೊಂದಿನ ಬರ್ರಿ ಎಂದು ಹೇಳಿ ಗಾಡಿಯನ್ನು ಹಿಂದಕ್ಕೆ ಕಳಿಸಿದಳು. ನಾನು ಒಂದು ಚೀಲದ ಹೊಲಿಗೆ ಬಿಚ್ಚಿದೆ. ಎಲ್ಲರೂ ಒಂದೊಂದು ಬೊಗಸೆ ತೆಗೆದುಕೊಂಡು ದಂಡೆಯುದ್ದಕ್ಕೂ ನಿಂತೆವು. ಕಾಳು ನೀರಿಗೆ ಬಿದ್ದ ಕೂಡಲೇ ಮೀನುಗಳು ಎದ್ದು ಬಂದವು, ಬಾಯಿ ತೆರೆದು ಒಂದರ ಮೇಲೊಂದು ಬಿದ್ದು ತಿಂದವು. ತಿಂದು ಮುಗಿದ ಮೇಲೂ ಅಲ್ಲೇ ಸುತ್ತುತ್ತಿದ್ದವು. ಇನ್ನಷ್ಟು ಹಾಕೋಣವೇ ಎಂದು ಯಾರೋ ಕೇಳಿದರು.

"ಹಾಕ್ರಿ," ಎಂದಳು ದೊಡ್ಡವ್ವ. "ಇವತ್ತೊಂದಿನ ಹೊಟ್ಟೆ ತುಂಬ ತಿನ್ಲಿ."